ಮಲ್ಲತ್ತಹಳ್ಳಿಯಲ್ಲಿ ನಾಟಕ ಕಲಿಯುವುದೆಂದರೆ

ಕಲಾಗ್ರಾಮ ಎಂದರೆ ಬೆಂಗಳೂರಿನ ಹಲವರಿಗೆ ನೆನಪಾಗುವುದು ಸಾಹಿತಿಗಳ ಅಂತ್ಯಸಂಸ್ಕಾರ. ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ, ಸಿದ್ಧಲಿಂಗಯ್ಯ ಮೂವರನ್ನೂ ನಾಡು ಬೀಳ್ಕೊಟ್ಟದ್ದು ಮಲ್ಲತ್ತಹಳ್ಳಿಯ ಈ ಆವರಣದಲ್ಲೇ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇರುವುದೂ ಇಲ್ಲೇ. ಪಕ್ಕದಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಅಲ್ಲಿ ಪ್ರದರ್ಶಕ ಕಲೆಗಳ ವಿಭಾಗ. ‘ನಾಟಕ ಓದಬೇಕು’ ಎಂದು ಹೊರಡುವವರು ಈ ಎರಡು ಬಾಗಿಲುಗಳ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ನಾಟಕ ಶಾಲೆಯ ಇಲ್ಲಿನ ಕೋರ್ಸು ಒಂದು ವರ್ಷದ್ದು, ಒತ್ತು ಅಭಿನಯದ ಮೇಲೆ. ದಕ್ಷಿಣದ ರಾಜ್ಯಗಳಿಂದ ಆಯ್ದ ಸಣ್ಣ ತಂಡವೊಂದು ಬೆಳಗಿನಿಂದ ರಾತ್ರಿಯವರೆಗೆ ಮೈ, ದನಿ, ತಾಲೀಮು ಎಂದು ಅದರಲ್ಲೇ ಮುಳುಗಿರುತ್ತದೆ. ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಎರಡು ವರ್ಷದ್ದು. ಅಲ್ಲಿ ಪ್ರಯೋಗದ ಜೊತೆಗೆ ಪತ್ರಿಕೆಗಳೂ ಇವೆ, ಸೆಮಿಸ್ಟರ್ ಪರೀಕ್ಷೆಗಳೂ ಇವೆ. ಮುಂದೆ ಕಾಲೇಜಿನಲ್ಲಿ ಪಾಠ ಮಾಡಬೇಕೆನ್ನುವವರು ಈ ಪದವಿಯನ್ನು ಬಿಟ್ಟುಕೊಡಬಾರದು. ಕಾಲೇಜು ಅಧ್ಯಾಪಕರ ಅರ್ಹತೆಗೆ ಬರೆಯುವ ನೆಟ್ ಪರೀಕ್ಷೆಯಲ್ಲಿ ನಾಟಕವೂ ಒಂದು ವಿಷಯ, ಆ ಅರ್ಹತೆಗೆ ಸ್ನಾತಕೋತ್ತರ ಪದವಿ ಬೇಕೇ ಬೇಕು. 1959ರಲ್ಲಿ ಶುರುವಾದ ದೆಹಲಿಯ ಮೂಲ ಶಾಲೆ ಕೊಡುವ ಮೂರು ವರ್ಷದ ಡಿಪ್ಲೊಮಾಗೆ ಎಂ.ಎ. ಸಮಾನ ಮಾನ್ಯತೆ ಇದೆ. ಮಲ್ಲತ್ತಹಳ್ಳಿಯ ಒಂದು ವರ್ಷದ ಪ್ರಮಾಣಪತ್ರವನ್ನು ಅದರ ಜೊತೆ ತೂಗಬೇಡಿ. ನಟನಾಗಲು ಪದವಿ ಯಾಕೆ ಎಂದು ಕೇಳುವವರಿಗೆ ನನ್ನ ತಕರಾರಿಲ್ಲ; ಆದರೆ ಮನೆಯವರು ಕೇಳುವ ಪ್ರಶ್ನೆಗೆ ಉತ್ತರ ಸಿದ್ಧವಿರಲಿ.

ಪ್ರವೇಶ ಸಂದರ್ಶನಕ್ಕೆ ಬರುವ ಹುಡುಗರಲ್ಲಿ ‘ತುಘಲಕ್’ ನಾಟಕದ ಮಾತು ಬಾಯಿಪಾಠ ಮಾಡಿಕೊಂಡು ಬರುವವರು ಯಾವಾಗಲೂ ಇರುತ್ತಾರೆ. ತಪ್ಪೇನಿಲ್ಲ. ಆದರೆ ನೋಡುವವರಿಗೆ ಬೇಕಾದ್ದು ಆಮೇಲಿನದು. ‘ಇದನ್ನೇ ತರಕಾರಿ ಆರಿಸುತ್ತಾ ಹೇಳು’, ‘ದನಿ ಏರಿಸದೆ ಸಿಟ್ಟು ತೋರಿಸು’ ಎಂಬಂಥ ಸೂಚನೆ ಬಂದಾಗ ಕಟ್ಟಿಕೊಂಡು ಬಂದದ್ದನ್ನು ಬಿಟ್ಟು ಬೇರೆಯದನ್ನು ಹಿಡಿಯಬಲ್ಲೆಯಾ ಎಂಬುದನ್ನು ಅವರು ಗಮನಿಸುತ್ತಾರೆ. ಹಾಗಾಗಿ ಸ್ವಗತವನ್ನು ಒಂದೇ ಅಚ್ಚಿನಲ್ಲಿ ಗಟ್ಟಿ ಮಾಡಿಕೊಳ್ಳದೆ ಮೂರ್ನಾಲ್ಕು ಬಗೆಯಲ್ಲಿ ಆಡಿ ನೋಡಿ. ನಿಮ್ಮೂರಿನ ಒಂದು ಹಾಡು, ಕೋಲಾಟವೋ ಯಕ್ಷಗಾನದ ಹೆಜ್ಜೆಯೋ ಗೊತ್ತಿದ್ದರೆ ಅದನ್ನೂ ಕೈಯಲ್ಲಿಟ್ಟುಕೊಳ್ಳಿ.

ಒಳಗೆ ಹೋದ ಮೇಲೆ ಹೊಸಬರನ್ನು ಹೆಚ್ಚು ಗಲಿಬಿಲಿಗೊಳಿಸುವುದು ಪಠ್ಯವಿಲ್ಲದೆ ನಾಟಕ ಕಟ್ಟುವ ಕ್ರಮ. ನಾಟಕಕಾರ ಬರೆದು ಕೊಟ್ಟದ್ದನ್ನು ಆಡುವುದು ಹಳೆಯ ದಾರಿ, ಅದು ಇವತ್ತಿಗೂ ಇದೆ. ಸಮಕಾಲೀನ ರಂಗಭೂಮಿಯಲ್ಲಿ ಇನ್ನೊಂದು ದಾರಿ ತಂಡವೇ ಸೇರಿ ಪ್ರದರ್ಶನ ಹುಟ್ಟಿಸುವುದು. ಒಂದು ಉದಾಹರಣೆ: ಮಲ್ಲತ್ತಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ಒಬ್ಬರನ್ನು ಗಮನಿಸಿ ಬನ್ನಿ ಎನ್ನುತ್ತಾರೆ. ವಾಪಸ್ ಬಂದು ಅವರ ನಡಿಗೆ, ಚೀಲ ಹಿಡಿದ ಬಗೆ, ಬಸ್ ತಪ್ಪಿದಾಗ ಭುಜ ಇಳಿದದ್ದು, ಇಷ್ಟನ್ನು ಮಾತಿಲ್ಲದೆ ತೋರಿಸಬೇಕು. ಇಬ್ಬರು ತಂದ ವ್ಯಕ್ತಿಗಳನ್ನು ಎದುರುಬದುರು ನಿಲ್ಲಿಸಿದರೆ ಅಲ್ಲೊಂದು ಜಟಾಪಟಿ ಹುಟ್ಟುತ್ತದೆ. ಅದನ್ನು ಬರೆದಿಟ್ಟುಕೊಂಡು, ಕತ್ತರಿಸಿ, ಮರುದಿನ ಮತ್ತೆ ಆಡುತ್ತಾರೆ. ಹೀಗೆ ಹುಟ್ಟಿದ್ದರಲ್ಲಿ ಮುಕ್ಕಾಲು ಭಾಗ ಕಸಕ್ಕೆ ಹೋಗುತ್ತದೆ. ‘ನನ್ನ ಸೀನು’ ಎಂದು ಅಂಟಿಕೊಂಡವರಿಗೆ ಈ ಪದ್ಧತಿ ಹಿಂಸೆ. ನಿರ್ದೇಶಕರ ಕೆಲಸ ಇಲ್ಲಿ ಕಡಿಮೆಯಾಗುವುದಿಲ್ಲ; ಯಾವುದನ್ನು ಉಳಿಸಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬ ತೀರ್ಮಾನ ಅವರದೇ.

ಮತ್ತೊಂದು ದಾರಿ ಜಾಗವನ್ನೇ ನಾಟಕವಾಗಿಸುವುದು. ಅದು ಹೇಗೆಂದು ತಿಳಿಯಲು ಪುಸ್ತಕ ಹುಡುಕಬೇಕಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಅಹೋರಾತ್ರಿ ನಾಟಕವಾಗಿ ತಂದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿ ಅವರದು, ಸಂಗೀತ ಹಂಸಲೇಖ ಅವರದು. ಅದೇ ನಾಟಕ ಆಮೇಲೆ ಕಲಾಗ್ರಾಮಕ್ಕೂ ಬಂತು. ಸುಮಾರು ಒಂಬತ್ತು ಗಂಟೆಯ ಪ್ರದರ್ಶನ, ಬಯಲಲ್ಲಿ ಒಂದಕ್ಕಿಂತ ಹೆಚ್ಚು ರಂಗಸ್ಥಳಗಳು. ಕಂಬಳಿ ಹೊದ್ದ ಪ್ರೇಕ್ಷಕರು ಒಂದರಿಂದ ಇನ್ನೊಂದಕ್ಕೆ ಎದ್ದು ನಡೆಯಬೇಕು. ಈ ನಡಿಗೆಯೂ ವಿನ್ಯಾಸದ ಭಾಗವೇ. ನೂರಾರು ಜನ ಜಾಗ ಬದಲಿಸುವಷ್ಟು ಹೊತ್ತು ಕಥೆ ಸಡಿಲವಾಗದಂತೆ ಹಾಡು, ಬೆಳಕು ಹಿಡಿದಿಡಬೇಕು. ದೂರದ ನಟನ ದನಿ ಗಾಳಿಯನ್ನು ದಾಟಿ ಕಡೆಯ ಸಾಲಿಗೆ ಮುಟ್ಟಬೇಕು. ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನ ಪ್ರೇಕ್ಷಕನನ್ನು ಎಬ್ಬಿಸುವ ದೃಶ್ಯ ಯಾವುದೆಂದು ಮೊದಲೇ ಲೆಕ್ಕ ಹಾಕಿರಬೇಕು. ರಂಗಸಜ್ಜಿಕೆ, ಬೆಳಕು, ಪ್ರಸಾಧನ ಕಲಿಯುವವರು ಇಂಥ ಒಂದು ಪ್ರಯೋಗದ ಹಿಂಬದಿಯಲ್ಲಿ ದುಡಿದರೆ ತರಗತಿಯ ಪಾಠಕ್ಕೆ ಅರ್ಥ ಬರುತ್ತದೆ.

ಇನ್ನು ಅರ್ಜಿ. ವಯಸ್ಸು, ವಿದ್ಯಾರ್ಹತೆ, ವಿದ್ಯಾರ್ಥಿವೇತನ ಎಲ್ಲವೂ ಆ ವರ್ಷದ ಪ್ರಕಟಣೆಯಲ್ಲಿರುತ್ತದೆ. ಹಿಂದಿನ ವರ್ಷದ್ದನ್ನು ನಂಬಬೇಡಿ. ನೀವು ಆಡಿದ ನಾಟಕಗಳ ಕರಪತ್ರ, ಫೋಟೊ, ಪತ್ರಿಕೆಯ ತುಣುಕುಗಳನ್ನು ಈಗಿನಿಂದಲೇ ಒಂದು ಫೈಲಿನಲ್ಲಿ ಹಾಕಿಡಿ, ಅನುಭವಕ್ಕೆ ಪುರಾವೆ ಕೇಳಿದಾಗ ಪರದಾಡುವುದು ತಪ್ಪುತ್ತದೆ.

ಇಲ್ಲಿ ಸೀಟು ಸಿಗದಿದ್ದರೆ ಹೆಗ್ಗೋಡಿನ ನೀನಾಸಂ ಇದೆ. 1980ರಿಂದ ನಡೆಯುತ್ತಿರುವ ಅಲ್ಲಿನ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತವರನ್ನು ಕನ್ನಡದ ಯಾವ ತಂಡದಲ್ಲೂ ಕಾಣಬಹುದು. ಸಾಣೇಹಳ್ಳಿಯಲ್ಲೂ ರಂಗಶಾಲೆಯಿದೆ, ಮೈಸೂರಿನ ರಂಗಾಯಣದಲ್ಲೂ ಇದೆ. ಎಲ್ಲಿಗೆ ಅರ್ಜಿ ಹಾಕುವ ಮುಂಚೆಯೂ ಆ ಶಾಲೆಯ ವಿದ್ಯಾರ್ಥಿಗಳು ಆಡುವ ನಾಟಕವನ್ನು ಹೋಗಿ ನೋಡಿ, ಮುಗಿದ ಮೇಲೆ ಸೆಟ್ ಬಿಚ್ಚುತ್ತಿರುವವರನ್ನು ಮಾತಾಡಿಸಿ.