ಎರಡು ಬುಕಿಂಗ್, ಒಂದೇ ಸವಾರಿ

ಸಂಜೆ ಹೊತ್ತು ಯಶವಂತಪುರ ರೈಲು ನಿಲ್ದಾಣದ ಹೊರಗೆ ಸ್ವಲ್ಪ ಹೊತ್ತು ನಿಂತರೆ ಬೆಂಗಳೂರಿನ ಒಂದು ಹೊಸ ರೂಢಿ ಕಣ್ಣಿಗೆ ಬೀಳುತ್ತದೆ. ಲಗೇಜು ಕಾಲ ಬಳಿ ಇಟ್ಟುಕೊಂಡು ನಿಂತವರ ಮೊಬೈಲಿನಲ್ಲಿ ಓಲಾ, ಊಬರ್, ರ‍್ಯಾಪಿಡೊ, ನಮ್ಮ ಯಾತ್ರಿ ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತವೆ. ಆರ್.ಟಿ. ನಗರಕ್ಕೆ ಯಾವುದರಲ್ಲಿ ಕಡಿಮೆ ಎಂದು ಮೊದಲು ನೋಡುತ್ತಾರೆ. ಆಮೇಲೆ ಎರಡರಲ್ಲಿ ಬುಕ್ ಮಾಡುತ್ತಾರೆ. ಯಾವ ಗಾಡಿ ಬೇಗ ಬಂತೋ, ಯಾವುದರಲ್ಲಿ ಇಪ್ಪತ್ತು ರೂಪಾಯಿ ಉಳಿಯಿತೋ ಅದನ್ನು ಹತ್ತಿ, ಇನ್ನೊಂದನ್ನು ಕ್ಯಾನ್ಸಲ್ ಮಾಡಿ ಫೋನು ಜೇಬಿಗಿಡುತ್ತಾರೆ.

ಇವರಲ್ಲಿ ಹೆಚ್ಚಿನವರು ಇನ್ನೊಬ್ಬರಿಗೆ ನಷ್ಟ ಮಾಡಬೇಕೆಂದು ಹೊರಟವರಲ್ಲ. ಪರದೆಯ ಮೇಲೆ ಕಾಣುವುದು ಪುಟ್ಟ ಗಾಡಿಯ ಚಿತ್ರ. ಗುಂಡಿ ಒತ್ತಿದರೆ ಅದು ಮಾಯವಾಗುತ್ತದೆ, ಹಲವು ಸಲ ಶುಲ್ಕವೂ ಬೀಳುವುದಿಲ್ಲ. ಹಾಗಾಗಿ ಯಾರಿಗೂ ಏನೂ ಆಗಲಿಲ್ಲ ಅನ್ನಿಸುವುದು ಸಹಜ.

ಆದರೆ ರಸ್ತೆಯಲ್ಲಿ ಏನೋ ಆಗಿರುತ್ತದೆ. ಮತ್ತಿಕೆರೆ ಕಡೆಯಿಂದ ಒಬ್ಬ ಆಟೊ ಚಾಲಕ ಎರಡು ಕಿಲೋಮೀಟರ್ ಖಾಲಿ ಬಂದಿರುತ್ತಾನೆ. 2025ರ ಆಗಸ್ಟ್ 1ರಿಂದ ಬೆಂಗಳೂರಿನಲ್ಲಿ ಆಟೊ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ. ಅಂದರೆ ಆತ ಖಾಲಿ ಓಡಿಸಿಕೊಂಡು ಬಂದಷ್ಟೇ ದೂರ ಒಬ್ಬರನ್ನು ಕೂರಿಸಿಕೊಂಡಿದ್ದರೆ ಒಂದು ಮಿನಿಮಮ್ ಬಾಡಿಗೆ ಕೈಸೇರುತ್ತಿತ್ತು. ಬದಲಿಗೆ ಗ್ಯಾಸು ಖರ್ಚಾಯಿತು. ಅದಕ್ಕಿಂತ ಹೆಚ್ಚಾಗಿ, ಆಫೀಸು ಬಿಡುವ ಹೊತ್ತಿನ ಹತ್ತು ನಿಮಿಷ ಹೋಯಿತು. ದಿನದ ಕಲೆಕ್ಷನ್ನಿನ ದೊಡ್ಡ ಪಾಲು ಹುಟ್ಟುವುದೇ ಆ ಹೊತ್ತಿನಲ್ಲಿ. ಹೆಬ್ಬಾಳದಲ್ಲಾದರೆ ಕಷ್ಟ ಇನ್ನೂ ಜಾಸ್ತಿ. ಫ್ಲೈಓವರ್ ಕೆಳಗಿನ ಗುಂಪಿನಲ್ಲಿ ಗಿರಾಕಿಯನ್ನು ಹುಡುಕಿ, ಸರ್ವಿಸ್ ರಸ್ತೆಗೆ ಇಳಿದು, ‘ಲೊಕೇಶನ್ನಿಗೆ ಬಂದಿದೀನಿ ಮೇಡಂ, ಎಲ್ಲಿದೀರಾ?’ ಎಂದು ಕರೆ ಮಾಡುವಷ್ಟರಲ್ಲಿ ಟ್ರಿಪ್ ರದ್ದಾಗಿರುತ್ತದೆ. ತಿರುಗಿ ಹೋಗೋಣವೆಂದರೆ ಯು ಟರ್ನ್ ಹತ್ತಿರದಲ್ಲಿ ಇರುವುದಿಲ್ಲ.

2024ರ ಸೆಪ್ಟೆಂಬರಿನಲ್ಲಿ ಈ ಜಗಳ ಇಡೀ ದೇಶದ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಇಬ್ಬರು ಗೆಳತಿಯರು ದಟ್ಟಣೆಯ ಹೊತ್ತೆಂದು ಓಲಾದಲ್ಲಿ ಎರಡು ಆಟೊ ಬುಕ್ ಮಾಡಿದರು. ಮೊದಲು ಬಂದದ್ದನ್ನು ಹತ್ತಿ ಇನ್ನೊಂದನ್ನು ಕ್ಯಾನ್ಸಲ್ ಮಾಡಿದರು. ಆ ಎರಡನೆಯ ಚಾಲಕ ಅವರನ್ನು ಹಿಂಬಾಲಿಸಿ ಬಂದು, ಬೈದು, ಯುವತಿಯ ಮೇಲೆ ಕೈಮಾಡಿದ. ವಿಡಿಯೊ ಹರಿದಾಡಿತು. ಮಾಗಡಿ ರಸ್ತೆ ಪೊಲೀಸರು ಆತನನ್ನು ಬಂಧಿಸಿದರು. ಗ್ಯಾಸಿನ ದುಡ್ಡು ಯಾರು ಕೊಡುತ್ತಾರೆ ಎಂಬುದು ಆ ವಿಡಿಯೊದಲ್ಲಿ ಕೇಳುವ ಅವನ ತಕರಾರು.

ಹೆಣ್ಣುಮಗಳ ಮೇಲೆ ಕೈಯೆತ್ತಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆತ ಜೈಲಿಗೆ ಹೋದದ್ದು ಸರಿಯೇ. ಹಾಗೆಂದು ಆ ಗ್ಯಾಸಿನ ಪ್ರಶ್ನೆಯೂ ಅವನ ಜೊತೆ ಒಳಗೆ ಹೋಗಬೇಕಾಗಿರಲಿಲ್ಲ. ಹಲ್ಲೆಯ ಬಗ್ಗೆ ಊರೆಲ್ಲ ಮಾತಾಡಿತು, ಖಾಲಿ ಓಡಾಟದ ಬಗ್ಗೆ ಮಾತಾಡಿದವರು ಕಡಿಮೆ.

ಪ್ರಯಾಣಿಕರ ಕಡೆಯ ಮಾತೂ ಸುಳ್ಳಲ್ಲ. ಬುಕಿಂಗ್ ಒಪ್ಪಿಕೊಂಡ ಮೇಲೆ ‘ಡ್ರಾಪ್ ಎಲ್ಲಿಗೆ ಸಾರ್? ಕ್ಯಾಶಾ, ಆನ್‌ಲೈನಾ?’ ಎಂದು ವಿಚಾರಿಸಿ, ಹೊಂದದಿದ್ದರೆ ‘ನೀವೇ ಕ್ಯಾನ್ಸಲ್ ಮಾಡ್ಬಿಡಿ’ ಎನ್ನುವ ಚಾಲಕರನ್ನು ಯಲಹಂಕದವರಾರೂ ಮರೆಯಲಾರರು. ಎರಡು ಮೂರು ಆ್ಯಪ್ ಇಟ್ಟುಕೊಂಡು, ಹೆಚ್ಚು ದುಡ್ಡಿನ ಟ್ರಿಪ್ ಬಂದೊಡನೆ ಮೊದಲನೆಯದನ್ನು ಕೈಬಿಡುವುದು ಅವರ ಕಡೆಯ ಎರಡು ಬುಕಿಂಗ್. 2021ರ ಏಪ್ರಿಲ್ 1ರಿಂದ 2022ರ ಮೇ 1ರವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಓಲಾ ಮೇಲೆ 2,482 ಮತ್ತು ಊಬರ್ ಮೇಲೆ 770 ದೂರುಗಳು ಬಂದಿದ್ದವು. ಅದೇ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎರಡೂ ಕಂಪನಿಗಳಿಗೆ ನೋಟಿಸ್ ಕೊಟ್ಟಿತು. ಕ್ಯಾನ್ಸಲ್ ಶುಲ್ಕ ಹೇಗೆ ನಿಗದಿಯಾಗುತ್ತದೆ ಎಂಬುದು ಗ್ರಾಹಕರಿಗೆ ತಿಳಿಯುವುದಿಲ್ಲ, ಚಾಲಕ ಬರಲೊಪ್ಪದಿದ್ದಾಗಲೂ ಗ್ರಾಹಕನೇ ರದ್ದು ಮಾಡಿ ದಂಡ ಕಟ್ಟಬೇಕಾಗುತ್ತದೆ ಎಂಬ ಆಕ್ಷೇಪಗಳು ಅದರಲ್ಲಿದ್ದವು.

ಹೀಗೆ ಎರಡು ಕಡೆಯವರೂ ಒಬ್ಬರನ್ನೊಬ್ಬರು ನಂಬದ ಸ್ಥಿತಿ ಬಂದಿದೆ. ಚಾಲಕ ಕೈಕೊಡಬಹುದು ಎಂದು ಪ್ರಯಾಣಿಕರು ಎರಡು ಬುಕ್ ಮಾಡುತ್ತಾರೆ. ಇವರು ಕೈಕೊಡಬಹುದು ಎಂದು ಅವನು ಎರಡು ಫೋನು ಇಟ್ಟುಕೊಳ್ಳುತ್ತಾನೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರ ಜುಲೈ 1ರಂದು ಹೊರಡಿಸಿದ ಅಗ್ರಿಗೇಟರ್ ಮಾರ್ಗಸೂಚಿ ಇಬ್ಬರಿಗೂ ಒಂದೇ ಅಳತೆ ಇಟ್ಟಿದೆ. ಸರಿಯಾದ ಕಾರಣವಿಲ್ಲದೆ ರದ್ದು ಮಾಡಿದವರು, ಚಾಲಕನಾಗಲಿ ಪ್ರಯಾಣಿಕರಾಗಲಿ, ಬಾಡಿಗೆಯ ಶೇ. 10ರಷ್ಟು, ಗರಿಷ್ಠ 100 ರೂಪಾಯಿ ತೆರಬೇಕು. ಮೂಲ ದರ ಕನಿಷ್ಠ ಮೂರು ಕಿಲೋಮೀಟರಿಗೆ ಇರಬೇಕೆಂದೂ ಅದು ಹೇಳುತ್ತದೆ, ಪಿಕಪ್ಪಿಗೆ ಖಾಲಿ ಬರುವ ದೂರವನ್ನು ಅದರಲ್ಲೇ ತುಂಬಿಸಿಕೊಳ್ಳಲೆಂದು. ಆದರೆ 150 ರೂಪಾಯಿಯ ಆಟೊ ಟ್ರಿಪ್ಪಿಗೆ ಶೇ. 10 ಎಂದರೆ 15 ರೂಪಾಯಿ. ಎರಡು ಕಿಲೋಮೀಟರ್ ಖಾಲಿ ಬಂದವನಿಗೆ ಅದು ಎಲ್ಲಿ ಸಾಲುತ್ತದೆ?

ಆಟೊ ಚಾಲಕರ ಸಂಘ ಎಆರ್‌ಡಿಯು ಮತ್ತು ಜಸ್‌ಪೇ ಸಂಸ್ಥೆ ಸೇರಿ 2022ರ ನವೆಂಬರಿನಲ್ಲಿ ತಂದ ನಮ್ಮ ಯಾತ್ರಿ, ಟ್ರಿಪ್ಪಿಗಿಷ್ಟು ಎಂದು ಕಮಿಷನ್ ಹಿಡಿಯುವ ಪದ್ಧತಿ ಬಿಟ್ಟು, ಮುಂದೆ ದಿನಕ್ಕೆ 25 ರೂಪಾಯಿಯ ಚಂದಾ ತಂದಿತು. ಚಾಲಕರಿಗೆ ಇದು ಒಳ್ಳೆಯದಾಯಿತು. ಅದರ ಇನ್ನೊಂದು ಮುಖವೆಂದರೆ, ದುಡಿಮೆ ಪೂರ್ತಿ ಚಾಲಕನದಾದಂತೆ ರದ್ದಾದ ಟ್ರಿಪ್ಪಿನ ನಷ್ಟವೂ ಪೂರ್ತಿ ಅವನದೇ. ‘ದೊಡ್ಡ ಕಂಪನಿಗೆ ಏನಾಗುತ್ತದೆ ಬಿಡಿ’ ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ.

ಸ್ವಂತ ಓಡಿಸುವ ಬಾಡಿಗೆ ಕಾರಿನ ವಿಷಯ ಸ್ವಲ್ಪ ಬೇರೆ. ಅಮೆರಿಕ, ಯುರೋಪುಗಳಲ್ಲಿ ಮುಂಗಡವಿಲ್ಲದೆ ಕಾರು ಕಾದಿರಿಸಿ, ದರ ಇಳಿದಾಗ ಹಳೆಯದನ್ನು ಬಿಟ್ಟು ಹೊಸದಾಗಿ ಬುಕ್ ಮಾಡುವುದು ಮಾಮೂಲು. ಬಾರದವರ ಲೆಕ್ಕವನ್ನು ಕಂಪನಿಗಳು ಮೊದಲೇ ಹಾಕಿ, ಇರುವ ಕಾರಿಗಿಂತ ಹೆಚ್ಚು ಬುಕಿಂಗ್ ತೆಗೆದುಕೊಳ್ಳುವುದೂ ಇದೆ. ಕಂಪನಿಯೇ ಉಚಿತ ರದ್ದತಿ ಎಂದು ಬರೆದು ಕೊಟ್ಟಿರುವಾಗ, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದರಲ್ಲಿ ತಪ್ಪು ಹುಡುಕುವುದು ಕಷ್ಟ. ಒಂದೇ ದಿನಕ್ಕೆ ಮೂರು ಕಾರು ಕೊನೆಯ ಗಳಿಗೆಯವರೆಗೆ ಹಿಡಿದಿಟ್ಟುಕೊಳ್ಳುವುದು ಹಾಗಲ್ಲ. ಬೆಂಗಳೂರಿನಲ್ಲಿ 2013ರಲ್ಲಿ ಹುಟ್ಟಿದ ಜೂಮ್‌ಕಾರ್ ಈಗ ಒದಗಿಸುವುದು ಹೆಚ್ಚಾಗಿ ಖಾಸಗಿ ಮಾಲೀಕರು ಬಾಡಿಗೆಗೆ ಬಿಟ್ಟ ಕಾರುಗಳನ್ನು. ಕಾರಿನ ಹಿಂದೆ ಒಬ್ಬರ ತಿಂಗಳ ಕಂತಿರುತ್ತದೆ. ದಸರೆ ರಜೆಗೆ ಸಕಲೇಶಪುರಕ್ಕೆಂದು ಹಿಡಿದಿಟ್ಟ ಕಾರನ್ನು ಹಿಂದಿನ ರಾತ್ರಿ ಬಿಟ್ಟರೆ ಆ ದಿನಗಳು ಮಾಲೀಕರಿಗೆ ಖಾಲಿ. ಅದೇ ಕಾರು ಸಿಗದೆ ಪ್ರಯಾಣ ಬಿಟ್ಟ ಇನ್ನೊಂದು ಮನೆಯೂ ಎಲ್ಲೋ ಇರುತ್ತದೆ.

ಹೀಗೆ ಹಿಡಿದಿಟ್ಟು ಬಿಡುವವರ ಅನುಭವ ರೈಲ್ವೆಗೂ ಹಳೆಯದು. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ಇಲಾಖೆ ಕೊಟ್ಟ ಕಾರಣ, 61ರಿಂದ 120 ದಿನ ಮೊದಲು ಮಾಡಿದ ಬುಕಿಂಗುಗಳಲ್ಲಿ ಸುಮಾರು ಶೇ. 21 ರದ್ದಾಗುತ್ತಿದ್ದವು, ಶೇ. 5ರಷ್ಟು ಜನ ರದ್ದೂ ಮಾಡದೆ ರೈಲನ್ನೂ ಹತ್ತುತ್ತಿರಲಿಲ್ಲ ಎಂಬುದು. ಕೆಲವರ ‘ಇರಲಿ ಬಿಡಿ’ ಎಲ್ಲರ ಅನುಕೂಲವನ್ನೂ ಕತ್ತರಿಸಿತು.

ದರ ಹೋಲಿಸಿ ನೋಡುವುದು ಗ್ರಾಹಕರ ಹಕ್ಕು. ನಾಲ್ಕಲ್ಲ, ಎಂಟು ಆ್ಯಪ್ ತೆರೆದು ನೋಡಿದರೂ ಯಾರ ಗ್ಯಾಸೂ ಖರ್ಚಾಗುವುದಿಲ್ಲ. ಬುಕ್ ಗುಂಡಿ ಒತ್ತಿ, ಒಬ್ಬ ಮನುಷ್ಯ ಗಾಡಿ ಸ್ಟಾರ್ಟ್ ಮಾಡಿದ ಗಳಿಗೆಯಿಂದ ವಿಷಯ ಬದಲಾಗುತ್ತದೆ. ಅಲ್ಲಿಂದ ಆತ ಓಡುವುದು ಇವರ ಮಾತಿನ ಮೇಲೆ. ಬಾರದೆ ಹೋದರೆ ಎಂಬ ಭಯಕ್ಕೆ ಎರಡನೆಯದನ್ನು ಒತ್ತಿದ್ದೇ ಆದರೆ, ಮೊದಲನೆಯದು ಖಾತ್ರಿಯಾದ ನಿಮಿಷದಲ್ಲೇ ಆ ಎರಡನೆಯದನ್ನು ಬಿಡಬೇಕು. ಅದರ ಚಾಲಕ ಆಗಲೇ ಬೀದಿ ತಿರುವಿಗೆ ಬಂದಿದ್ದರೆ ಕರೆ ಮಾಡಿ ಹೇಳಿ, ಯುಪಿಐನಲ್ಲಿ ಮಿನಿಮಮ್ ಬಾಡಿಗೆಯ 36 ರೂಪಾಯಿ ಕಳಿಸಬೇಕು. ಯಾವ ಆ್ಯಪ್ಪೂ ಇದನ್ನು ಕೇಳುವುದಿಲ್ಲ, ಆದರೂ ಅದು ಆತನಿಗೆ ಸಲ್ಲಬೇಕಾದ ದುಡ್ಡು.

ನಿಜವಾದ ಪೇಚು ಬೆಳಗಿನ ಜಾವದ ವಿಮಾನದ್ದು. ಮೂರು ಗಂಟೆಗೆ ಮನೆ ಬಿಡಬೇಕಾದವರು ಎರಡು ಕ್ಯಾಬ್ ಹೇಳಿಡುವುದು ಉಳಿತಾಯಕ್ಕಲ್ಲ, ದಿಗಿಲಿಗೆ. ಆ ಹೊತ್ತಿನಲ್ಲಿ ಒಂದು ಏರ್‌ಪೋರ್ಟ್ ಬಾಡಿಗೆ ತಪ್ಪಿದ ಚಾಲಕನ ಅರ್ಧ ರಾತ್ರಿ ವ್ಯರ್ಥವಾಗುತ್ತದೆ. ಗೊತ್ತಿರುವ ಚಾಲಕರೊಬ್ಬರಿಗೆ ಹಿಂದಿನ ಸಂಜೆಯೇ ಹೇಳಿ ಸ್ವಲ್ಪ ಮುಂಗಡ ಕೊಟ್ಟಿಡುವ ಹಳೆಯ ಪದ್ಧತಿಗೆ ಈಗಲೂ ಬೆಲೆಯಿದೆ. ಅದೂ ಕೈಕೊಟ್ಟರೆ ಮೇಖ್ರಿ ವೃತ್ತ, ಹೆಬ್ಬಾಳದ ದಾರಿಯಲ್ಲಿ ಬಿಎಂಟಿಸಿಯ ವಾಯುವಜ್ರ ಬಸ್ಸು ರಾತ್ರಿಯಲ್ಲೂ ಓಡುತ್ತದೆ. ಕೆಂಪೇಗೌಡ ಬಸ್ ನಿಲ್ದಾಣದಿಂದ ಹೊರಡುವ ಕೆಐಎ-9 ಹಿಡಿಯಲು ಯಾರಿಗೂ ಮೊದಲೇ ಮಾತು ಕೊಡಬೇಕಾಗಿಲ್ಲ.