ರಾಗಿ ಬೇರಿನೊಳಗಿನ ಬಾಡಿಗೆದಾರ

ಇವತ್ತು ರಾಗಿ ಬಗ್ಗೆ ಮಾತಾಡೋಣ. ಮುದ್ದೆ ವಿಷಯ ಅಲ್ಲ, ರಾಗಿ ಇನ್ನೂ ಹೊಲದಲ್ಲಿ ಇರುವಾಗಿನ ಕಥೆ.

ರಾಗಿ ಗಟ್ಟಿ ಬೆಳೆ, ಬೇಗ ರೋಗಕ್ಕೆ ಬಗ್ಗಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳೋದನ್ನ ಕೇಳಿರ್ತೀರಿ. ಈ ಗಟ್ಟಿತನದ ಒಂದು ಗುಟ್ಟು 2016ರಲ್ಲಿ ಬಯಲಾಯ್ತು. ಕಂಡುಹಿಡಿದವರು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ವಲಾ ಮೂಸಾ, ಮನೀಶ್ ರೈಜಾದಾ ಮತ್ತು ಸಂಗಡಿಗರು. ರಾಗಿ ಬೇರಿನೊಳಗೆ ಒಂದು ಬ್ಯಾಕ್ಟೀರಿಯಾ ಬಾಡಿಗೆಗೆ ಇದೆ. ಬಾಡಿಗೆ ಬದಲು ಅದು ಕಾವಲು ಕಾಯುತ್ತೆ.

ಹೀಗೆ ಗಿಡಕ್ಕೆ ರೋಗ ತರದೆ ಅದರೊಳಗೇ ಬದುಕುವ ಸೂಕ್ಷ್ಮಜೀವಿಗಳಿಗೆ ಎಂಡೋಫೈಟ್ ಅಂತ ಹೆಸರು. ಕಡಲೆಕಾಯಿ ಗಿಡ ಕಿತ್ತರೆ ಬೇರಿನಲ್ಲಿ ಗಂಟು ಕಾಣುತ್ತಲ್ಲ, ಅಂಥ ಗುರುತೂ ಇವುಗಳಿಗೆ ಇರಲ್ಲ. ಕಬ್ಬಿನೊಳಗೆ ಗಾಳಿಯ ಸಾರಜನಕ ಹಿಡಿಯುವ ಎಂಡೋಫೈಟ್ ಇದೆ ಅಂತ ಬ್ರೆಜಿಲ್ ವಿಜ್ಞಾನಿಗಳು 1988ರಲ್ಲೇ ಹೇಳಿದ್ದರು. ಅದು ಇನ್ನೊಂದು ಸಂಚಿಕೆಗೆ ಇರಲಿ.

ಈಗ ಕಳ್ಳನ ಪರಿಚಯ. ಫ್ಯುಸೇರಿಯಂ ಅನ್ನೋ ಶಿಲೀಂಧ್ರ. ಗೋಧಿ, ಮೆಕ್ಕೆಜೋಳಕ್ಕೆ ಇದು ಬಿದ್ದರೆ ಇಳುವರಿ ಹೋಗೋದಷ್ಟೇ ಅಲ್ಲ, ಕಾಳಿನಲ್ಲಿ 'ಡಾನ್' ಅನ್ನೋ ವಿಷ ಸೇರಿಕೊಳ್ಳುತ್ತೆ. ತಿಂದವರಿಗೆ ವಾಂತಿ ಬರಿಸೋದರಿಂದ ಇದಕ್ಕೆ ವಾಮಿಟಾಕ್ಸಿನ್ ಅಂತಾನೂ ಹೆಸರಿದೆ. ಬೇಯಿಸಿದರೂ ಪೂರ್ತಿ ಹೋಗಲ್ಲ. ಬೆಳೆದದ್ದನ್ನೇ ತಿನ್ನುವ ಬಡ ರೈತನ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ರಾಗಿಯ ಕಾವಲುಗಾರನಿಗೆ ವಿಜ್ಞಾನಿಗಳು ಇಟ್ಟ ಹೆಸರು ಎಂ6. ಬಿತ್ತನೆ ಬೀಜಕ್ಕೆ ಇದನ್ನ ಲೇಪಿಸಿ, ಮುಂದೇನಾಗುತ್ತೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಫ್ಯುಸೇರಿಯಂ ಬೇರಿನ ಹತ್ತಿರ ಬಂದ ಕೂಡಲೇ ಎಂ6 ಗುಂಪುಗುಂಪಾಗಿ ಅದರ ಕಡೆ ನುಗ್ಗುತ್ತೆ. ಅದೇ ಜಾಗದಲ್ಲಿ ಬೇರಿನ ಕೂದಲುಗಳು ಬೆಳೆದು, ಬೇರಿನ ಉದ್ದಕ್ಕೇ ಬಾಗಿ ಮಲಗುತ್ತವೆ. ಅವುಗಳ ನಡುವೆ ಬ್ಯಾಕ್ಟೀರಿಯಾ ಅಂಟಿನ ಜೊತೆ ತುಂಬಿಕೊಳ್ಳುತ್ತೆ. ಒಂದು ಪದರ ಕೂದಲು, ಒಂದು ಪದರ ಬ್ಯಾಕ್ಟೀರಿಯಾ, ಹೀಗೆ ಗೋಡೆ ಏಳುತ್ತೆ. ಕಲ್ಲು ಗಿಡದ್ದು, ಗಾರೆ ಬ್ಯಾಕ್ಟೀರಿಯಾದ್ದು ಅನ್ನಬಹುದು! ಒಳಗೆ ಸಿಕ್ಕಿಬಿದ್ದ ಶಿಲೀಂಧ್ರವನ್ನ ಎಂ6 ತನ್ನದೇ ರಾಸಾಯನಿಕಗಳಿಂದ ಕೊಲ್ಲುತ್ತೆ. ಫ್ಯುಸೇರಿಯಂ ಕೂಡ ಸುಮ್ಮನಿರಲ್ಲ, ತಿರುಗಿ ಆಂಟಿಬಯಾಟಿಕ್ ಬಿಡುತ್ತೆ. ಎಂ6 ಹತ್ತಿರ ಅದಕ್ಕೂ ತಡೆ ಇದೆ. ಅಂದ್ರೆ ಈ ಮೂವರ ಜಗಳ, ಸ್ನೇಹ ಎರಡೂ ಬಹಳ ಹಳೆಯದು ಅನ್ನೋದು ಸಂಶೋಧಕರ ಊಹೆ. ಆಫ್ರಿಕಾದಲ್ಲಿ ರಾಗಿ ಬೇಸಾಯ ಶುರುವಾಗಿಯೇ ಸಾವಿರಾರು ವರ್ಷ ಆಯ್ತು, ನೋಡಿ.

ಪ್ರಯೋಗದಲ್ಲಿ ಕಾಳಿನ ವಿಷವೂ ಕಡಿಮೆಯಾಯ್ತು. ಗೋಧಿಗೆ, ಮೆಕ್ಕೆಜೋಳಕ್ಕೂ ಎಂ6 ಕೆಲಸಕ್ಕೆ ಬರಬಹುದು ಅನ್ನೋ ಸೂಚನೆ ಸಿಕ್ಕಿತು.

ಆದ್ರೆ ಊರಿಗೆ ಫೋನ್ ಮಾಡಿ 'ಅಪ್ಪಾ, ಇನ್ನು ಔಷಧಿ ಹೊಡೀಬೇಡಿ' ಅಂತ ಹೇಳೋಕೆ ಹೋಗ್ಬೇಡಿ. ನಮ್ಮ ಕಡೆ ರಾಗಿಯನ್ನ ಹೆಚ್ಚು ಕಾಡೋದು ಬೆಂಕಿ ರೋಗ. ಅದನ್ನ ತರುವ ಶಿಲೀಂಧ್ರವೇ ಬೇರೆ. ಈ ಗೋಡೆ ಕಂಡದ್ದು ಫ್ಯುಸೇರಿಯಂ ಎದುರು.