ನೆತ್ತಿಯ ಮೇಲಿನ ಕಲ್ನಾರು

ಕಲ್ಲಿನಿಂದ ನಾರು ಬರುವುದೆಂದರೆ ಮರಳಿನಿಂದ ಎಣ್ಣೆ ತೆಗೆದಂಥ ಮಾತು ಎಂದು ಹಿರಿಯರು ನಕ್ಕಾರು. ಆದರೆ ಸೃಷ್ಟಿಯಲ್ಲಿ ಅಂಥದೊಂದು ಕಲ್ಲುಂಟು. ಬಡಿದರೆ ಅದು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ; ಆ ಎಳೆಯನ್ನು ನೂಲಬಹುದು, ನೇಯಬಹುದು. ಬೆಂಕಿ ಅದನ್ನು ಸುಡದು, ನೀರು ಕೊಳೆಯಿಸದು. ಬೆಂಕಿಯಲ್ಲಿ ಹಾಕಿ ಬೆಳ್ಳಗೆ ಮಾಡುವ ಬಟ್ಟೆಯ ವಿಷಯವನ್ನು ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಬಣ್ಣಿಸಿದ್ದಾನೆ. ಲೋಕವೆಲ್ಲ ಆಸ್ಬೆಸ್ಟಾಸ್ ಎಂದು ಕರೆಯುವ ಇದಕ್ಕೆ ಕನ್ನಡದಲ್ಲಿ ಕಲ್ನಾರು ಎಂಬ ಅಂದವಾದ ಹೆಸರಿದೆ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಶಿಲೆಗಳಲ್ಲಿಯೂ ಇದು ದೊರೆಯುತ್ತದೆ. ಜಮಖಾನೆಗೆ ಹೆಸರಾದ ನವಲಗುಂದದಲ್ಲಿ ಈ ನಾರನ್ನು ಯಾರೂ ಮಗ್ಗಕ್ಕೆ ಏರಿಸಲಿಲ್ಲ; ಅದು ಆ ಸೀಮೆಗೆ ಬಂದದ್ದು ಮನೆಯ ಹೊದಿಕೆಯಾಗಿ.

ಮಣ್ಣಿನಿಂದ ಸಿಮೆಂಟಿಗೆ

ಧಾರವಾಡ ಜಿಲ್ಲೆಯ ಮನೆಗಳನ್ನು ನೋಡಿದರೆ ನೆಲದ ಗುಣ ತಿಳಿಯುತ್ತಿತ್ತು. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ ಮಟ್ಟಸವಾದ ಮಾಳಿಗೆ. ಮಳೆ ಜೋರಾಗಿರುವ ಕಲಘಟಗಿಯ ಕಡೆ ಇಳಿಜಾರಿನ ಹಂಚಿನ ಮಾಡು. ಎರಡಕ್ಕೂ ವರುಷ ವರುಷವೂ ಆರೈಕೆ ಬೇಕು. ಮಾಳಿಗೆಗೆ ಹೊಸ ಮಣ್ಣು ಹಾಕಬೇಕು. ಮಂಗಗಳು ಕೆಡವಿದ ಹಂಚನ್ನು ಕೈಯಾಡಿಸಬೇಕು. ಕಟ್ಟಿಗೆ ತುಟ್ಟಿಯಾಯಿತು, ಕೈಯಾಳು ಅಪರೂಪವಾದರು. ಆಗ ಅಲೆಯಲೆಯಾದ ಬೂದುಬಣ್ಣದ ಸಿಮೆಂಟ್ ಶೀಟು ಬಡವನಿಗೆ ವರದಂತೆ ಕಂಡುದರಲ್ಲಿ ಆಶ್ಚರ್ಯವಿಲ್ಲ. ಅದು ತುಕ್ಕು ಹಿಡಿಯದು, ಗೆದ್ದಲು ತಿನ್ನದು, ಕಬ್ಬಿಣದ ತಗಡಿನಷ್ಟು ಕಾಯದು, ಮಳೆಯಲ್ಲಿ ಅಷ್ಟು ಸದ್ದನ್ನೂ ಮಾಡದು.

ಆ ಶೀಟಿನೊಳಗೆ ಸಿಮೆಂಟನ್ನು ಬಿಗಿದು ಹಿಡಿದಿರುವುದೇ ಕಲ್ನಾರು, ನೂರಕ್ಕೆ ಸುಮಾರು ಹತ್ತು ಪಾಲು. ಆಸ್ಟ್ರಿಯದ ಲುಡ್ವಿಗ್ ಹಾಚೆಕ್ ಎಂಬಾತ ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಕಂಡುಹಿಡಿದ ಈ ಪಾಕದಿಂದ ಭಾರತದಲ್ಲಿ 1930ರ ದಶಕದಿಂದ ಶೀಟುಗಳು ತಯಾರಾಗುತ್ತಿವೆ. ಇಂಥ ಮಾಡುಗಳು ಎಷ್ಟಿವೆಯೆಂದು ಕೇಳಿದರೆ 2011ರ ಜನಗಣತಿಯೂ ಉತ್ತರ ಹೇಳದು. ಅದು ಕಬ್ಬಿಣದ ತಗಡನ್ನೂ ಕಲ್ನಾರಿನ ಶೀಟನ್ನೂ ಒಂದೇ ಕಟ್ಟಿನಲ್ಲಿ ಎಣಿಸಿದೆ.

ಕಾಣದ ಎಳೆ

ಗಟ್ಟಿಯಾಗಿ ಮಾಡಿನ ಮೇಲಿರುವ ಶೀಟಿನಿಂದ ಕೇಡು ಅಲ್ಪ. ಕೇಡು ಹೊರಡುವುದು ಅದನ್ನು ಕೊಯ್ದಾಗ, ಕೊರೆದಾಗ, ಒಡೆದಾಗ ಮತ್ತು ಹಳತಾಗಿ ಮೈ ಸವೆದಾಗ. ಆಗ ಬಿಡುಗಡೆಯಾಗುವ ಎಳೆಗಳು ಕಣ್ಣಿಗೆ ಕಾಣದಷ್ಟು ನವಿರು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿದವು ಕರಗಲಾರವು. ಬೆಂಕಿಗೂ ಜಗ್ಗದ ಗುಣವೇ ಇಲ್ಲಿ ವೈರಿಯಾಗುತ್ತದೆ. ಶ್ವಾಸಕೋಶದ ಗಡಸು, ಅದರ ಕ್ಯಾನ್ಸರ್, ಅದರ ಹೊರಪೊರೆಗೆ ತಗಲುವ ಮೀಸೊಥೆಲಿಯೋಮ ಎಂಬ ಕ್ರೂರ ಕ್ಯಾನ್ಸರ್, ಇವು ಅದರ ಫಲಗಳು. ದಕ್ಷಿಣ ಆಫ್ರಿಕದ ಗಣಿಸೀಮೆಯ ರೋಗಿಗಳನ್ನು ಪರೀಕ್ಷಿಸಿ ವಾಗ್ನರ್ ಮತ್ತು ಸಂಗಡಿಗರು ಈ ಕೊನೆಯ ನಂಟನ್ನು 1960ರಲ್ಲಿ ತೋರಿಸಿಕೊಟ್ಟರು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಬ್ರಿಟನ್ 1999ರಲ್ಲಿ, ಯುರೋಪಿನ ಒಕ್ಕೂಟ 2005ರಲ್ಲಿ ಅದನ್ನು ನಿಷೇಧಿಸಿದವು. ಭಾರತ ಮಾತ್ರ ಬಿಳಿಯ ಕಲ್ನಾರನ್ನು ಹೊರದೇಶಗಳಿಂದ ತರಿಸಿ ಬಳಸುತ್ತಲೇ ಇದೆ.

ಈ ರೋಗ ತಲೆದೋರುವುದು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ವರುಷಗಳ ಮೇಲೆ. ಆದ್ದರಿಂದಲೇ ನಮ್ಮ ಸುಪ್ರೀಂ ಕೋರ್ಟು 1995ರ ತೀರ್ಪಿನಲ್ಲಿ, ಕಲ್ನಾರಿನ ಕಾರ್ಖಾನೆಗಳು ಕೆಲಸಗಾರರ ಆರೋಗ್ಯದ ದಾಖಲೆಯನ್ನು ನಲವತ್ತು ವರುಷಗಳವರೆಗೆ ಕಾಯ್ದಿಡಬೇಕೆಂದು ವಿಧಿಸಿತು. ಆದರೆ ಕುಂದಗೋಳದ ಹಳ್ಳಿಯಲ್ಲಿ ಹಳೆಯ ಮಾಡನ್ನು ಸುತ್ತಿಗೆಯಿಂದ ಕೆಡಹುವ ಗೌಂಡಿಯ ಹೆಸರನ್ನೂ, ಆ ಚೂರುಗಳನ್ನು ಬುಟ್ಟಿಯಲ್ಲಿ ಹೊರುವ ಹೆಣ್ಣುಮಗಳ ಹೆಸರನ್ನೂ ಯಾವ ದಫ್ತರ ಕಾಯ್ದಿಡುತ್ತದೆ? ಮುಂದೆ ಅವಳು ಕೆಮ್ಮಿದಾಗ ಇಂದಿನ ಧೂಳನ್ನು ನೆನೆಯುವವರು ಯಾರು?

ಇಳಿಸುವ ಬಗೆ

ಕೆಲವು ಹೊಸ ಶೀಟುಗಳಲ್ಲಿ ಕಲ್ನಾರು ಇಲ್ಲ. ಆದರೆ ಕಣ್ಣಳತೆಯಿಂದ ಭೇದ ತಿಳಿಯದು. ಹಳೆಯದೆಲ್ಲವನ್ನೂ ಕಲ್ನಾರೆಂದೇ ಎಣಿಸುವುದು ಲೇಸು. ಶೀಟಿನ ಮೇಲೆ ನೇರ ಕಾಲಿಡಬಾರದು. ಅದು ಥಟ್ಟನೆ ಮುರಿದು ಆಳನ್ನೇ ಕೆಡಹುತ್ತದೆ. ಮೊದಲು ನೀರು ಸಿಂಪಡಿಸಿ ತೋಯಿಸಬೇಕು. ಬೋಲ್ಟುಗಳನ್ನು ಬಿಚ್ಚಿ ಅಖಂಡವಾಗಿ ಕೆಳಗಿಳಿಸಬೇಕು. ಎಸೆಯಲಾಗದು, ಗರಗಸವನ್ನೂ ತಿರುಗುವ ಬ್ಲೇಡನ್ನೂ ಮುಟ್ಟಿಸಲಾಗದು. ಮೂಗಿಗೆ ಕಟ್ಟಿದ ವಸ್ತ್ರ ಸಾಲದು. ಸೂಕ್ಷ್ಮ ಧೂಳನ್ನು ತಡೆದು ಮುಖಕ್ಕೆ ಬಿಗಿಯಾಗಿ ಕೂಡುವ ಮುಖಕವಚವೇ ಬೇಕು. ನೆಲವನ್ನು ಒಣಗಿದ ಕಸಬರಿಗೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಉಟ್ಟ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯಬಾರದು. ಗಂಡಂದಿರ ಬಟ್ಟೆ ಒಗೆದೇ ರೋಗಕ್ಕೆ ತುತ್ತಾದ ಹೆಂಗಸರ ಸಂಗತಿಗಳು ವೈದ್ಯಗ್ರಂಥಗಳಲ್ಲಿವೆ. ಇಳಿಸಿದುದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಹೆಸರು ಬರೆದು, ಮುಚ್ಚಿದ ವಾಹನದಲ್ಲಿ ಸಾಗಿಸಬೇಕು.

ಸಾಗಿಸುವುದೆಲ್ಲಿಗೆ? ತೊಡಕಿರುವುದು ಇಲ್ಲಿಯೇ. ಕಲ್ನಾರಿಗೆ ಕೊನೆಯ ಮನೆಯೆಂದರೆ, ತಳಕ್ಕೆ ಹೊದಿಕೆ ಹಾಕಿ ಮೇಲೆ ಮಣ್ಣು ಮುಚ್ಚುವ ರಕ್ಷಿತ ಗುಂಡಿ. ಅಪಾಯಕಾರಿ ತ್ಯಾಜ್ಯಕ್ಕೆಂದು ರಾಜ್ಯದಲ್ಲಿರುವ ಒಂದು ಕೇಂದ್ರ ಬೆಂಗಳೂರಿನ ಬಳಿಯ ದಾಬಸ್‌ಪೇಟೆಯಲ್ಲಿ; ನವಲಗುಂದದಿಂದ ಮುನ್ನೂರೈವತ್ತು ಕಿಲೋಮೀಟರಿಗೂ ದೂರ. ಹತ್ತು ಶೀಟಿನ ಒಡೆಯ ಅಲ್ಲಿಗೆ ಹೋದಾನೆಯೆ? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರೂ ಸೇರಿದೆ. ಆದರೆ ಅಲ್ಲಿ ಹೆಸರಿಸಿರುವುದು ಕಾರ್ಖಾನೆಯ ಉತ್ಪಾದನೆಯಿಂದ ಬರುವ ಕಸವನ್ನು. ಹಳ್ಳಿಯ ಚೂರು ಹಾದಿಯ ತಗ್ಗಿಗೋ ಹಳ್ಳದ ದಂಡೆಗೋ ಬೀಳುತ್ತದೆ. ಹೊಲದಲ್ಲಿ ಮೇಲುಮೇಲೆ ಹೂತರೂ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣು ಯಾವುದನ್ನೂ ಮುಚ್ಚಿಡಲು ತಕ್ಕುದಲ್ಲ. ಉಳಿದುದನ್ನು ನೇಗಿಲೇ ಮೇಲೆತ್ತುತ್ತದೆ.

ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಹೆಸರಿಗೆ ಮೃದು, ಮಳೆಗಾಲದಲ್ಲಿ ಉಗ್ರ. 2019ರ ಆಗಸ್ಟಿನ ಮಳೆಯಲ್ಲಿ ಜಿಲ್ಲೆಯ ಸಾವಿರಾರು ಮನೆಗಳು ಹಾನಿಗೊಂಡವು. ಅಂಥ ದಿನಗಳಲ್ಲಿ ಬಿದ್ದ ಗೋಡೆಯ ಮಣ್ಣಿನೊಡನೆ ಶೀಟಿನ ಚೂರೂ ಬೆರೆಯುತ್ತದೆ. ಅವಶೇಷ ತೆಗೆಯುವವರು ಎಲ್ಲವನ್ನೂ ಒಂದೇ ಸಲಿಕೆಯಲ್ಲಿ ಎತ್ತುತ್ತಾರೆ. ನೆರೆ ಬರುವುದಕ್ಕೆ ಮುನ್ನವೇ ತಾಲ್ಲೂಕಿಗೊಂದು ಮುಚ್ಚಿದ ಸಂಗ್ರಹದ ಠಾವು, ವರುಷಕ್ಕೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯಿಂದ ಅಲ್ಲಿಂದ ಸಾಗಣೆ, ಗೌಂಡಿಗಳಿಗೆ ಒಂದು ದಿನದ ತರಬೇತಿ, ಪರಿಹಾರದ ಹಣದಲ್ಲಿ ಮುಖಕವಚಕ್ಕೂ ಪ್ಲಾಸ್ಟಿಕ್ಕಿಗೂ ಒಂದಿಷ್ಟು ಪಾಲು, ಇಷ್ಟನ್ನು ಪಂಚಾಯತಿಗಳು ಕೂಡಿ ಮಾಡಿಸಿಕೊಳ್ಳಬಹುದು.

ಹಳೆಯ ಮಾಳಿಗೆ ಕುಸಿದರೆ ಅದರ ಮಣ್ಣು ಹೊಲಕ್ಕೆ ಹೋಗುತ್ತಿತ್ತು, ಜಂತಿ ಒಲೆಗೆ ಸಲ್ಲುತ್ತಿತ್ತು, ಕೆಡಹಿದವನಿಗೆ ಋಣವಿರಲಿಲ್ಲ. ಕಲ್ನಾರು ಹಾಗಲ್ಲ. ಅದನ್ನು ಏರಿಸಿದ ತಲೆಮಾರು ಅರಿಯದೆ ಏರಿಸಿತು. ಇಳಿಸುವ ತಲೆಮಾರಿಗೆ ಅರಿವಿದೆ, ಹೊಣೆಯೂ ಅದರದೇ.